ಭಾರತ ಕಳಕೊಂಡ ಒಂದು ಮಾರ್ಕು

ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಜಗತ್ತು ಆರು ಸಲ ಮುಗಿದಿದೆ. ನಂಬದಿದ್ದರೆ ಬಂದು ನೋಡಬಹುದು. ‘ಜಗತ್ತು ಫೈನಲ್ 1’ರಿಂದ ‘ಜಗತ್ತು ಫೈನಲ್ 6’ರವರೆಗೆ ಸಾಲಾಗಿ ಕೂತಿವೆ, ಈ ಬಾಜು ಯಾರದೋ ಆದಾಯ ಪ್ರಮಾಣಪತ್ರ, ಆ ಬಾಜು ಯಾರದೋ ಲಗ್ನಪತ್ರಿಕೆ. ಮೊನ್ನೆ ಆ ಲಗ್ನಪತ್ರಿಕೆ ಹುಡುಕುವಾಗ ಬೆರಳು ಜಾರಿ ಜಗತ್ತು ತೆರೆದುಕೊಂಡಿತು. ಗಿರಾಕಿ ಎದುರಿಗೇ ನಿಂತಿದ್ದರೂ ನಾನು ಐದಕ್ಕೂ ಆರಕ್ಕೂ ಏನು ವ್ಯತ್ಯಾಸವೆಂದು ನೋಡುತ್ತ ಕೂತೆ. ಹೆಚ್ಚೇನಿಲ್ಲ. ಭಾರತಕ್ಕೆ ಒಂದು ಮಾರ್ಕು ಕಡಿಮೆಯಾಗಿದೆ, ಅಷ್ಟೆ.

ಮಾರ್ಕು ಹಾಕಿದವರು ನಮ್ಮ ಕಾಕಾ. ಅಪ್ಪನ ತಮ್ಮ. ನಮ್ಮ ನವಲಗುಂದದ ಆಸುಪಾಸಿನ ನಾಲ್ಕು ಊರುಗಳಲ್ಲಿ ಭೂಗೋಳ ಕಲಿಸಿ, ಕೊನೆಗೆ ಹೆಡ್ ಮಾಸ್ತರರಾಗಿ ನಿವೃತ್ತರಾದವರು. ನೌಕರಿ ಮುಗಿದರೂ ಕೆಂಪು ಪೆನ್ನು ಮುಗಿಯಲಿಲ್ಲ. ಮೊದಮೊದಲು ಪೇಪರಿನಲ್ಲಿಯ ತಪ್ಪು ತಿದ್ದುತ್ತಿದ್ದರು. ಆಮೇಲೆ ಹೆಂಡತಿಯ ಕಿರಾಣಿ ಚೀಟಿ ತಿದ್ದಿದರು. ಅದೂ ಸಾಲದಾದಾಗ ಜಗತ್ತಿನ ದೇಶಗಳನ್ನೆಲ್ಲ ಬೆಂಚಿನ ಮೇಲೆ ಕೂಡಿಸಿ ಅಧ್ಯಾತ್ಮದಲ್ಲಿ ಪರೀಕ್ಷೆ ತೆಗೆದುಕೊಂಡರು. ಭಕ್ತಿ, ಶಾಂತಿ, ದಾನಧರ್ಮ, ಶಿಸ್ತು ಎಂದು ನಾಲ್ಕು ವಿಷಯ, ಒಂದೊಂದಕ್ಕೆ ಇಪ್ಪತ್ತೈದು ಮಾರ್ಕು, ಕೊನೆಗೆ ‘ಷರಾ’ ಎಂಬ ಕಾಲಂ. ಜಪಾನಿನ ಷರಾದಲ್ಲಿ ‘ಅಕ್ಷರ ಶುದ್ಧ, ನಗು ಕಡಿಮೆ’. ಟಿಬೆಟ್ಟಿನ ಮುಂದೆ ‘ಮನೆಯ ಪರಿಸ್ಥಿತಿ ಸರಿಯಿಲ್ಲದಿದ್ದರೂ ಉತ್ತಮ ಪ್ರಯತ್ನ’. ನಾರ್ವೆಗೆ ಮೂವತ್ತೈದು ಕೊಟ್ಟು ‘ಗ್ರೇಸ್’ ಎಂದು ಬರೆದಿದ್ದರು. ಭಾರತಕ್ಕೆ ತೊಂಬತ್ತೇಳು.

“ನೂರಕ್ಕೆ ನೂರು ಯಾಕ ಕೊಡಲಿಲ್ರಿ ಕಾಕಾ?” ಎಂದು ಒಮ್ಮೆ ಕೇಳಿದ್ದೆ.

“ನಾ ಯಾರಿಗೂ ಕೊಟ್ಟಿಲ್ಲ,” ಎಂದರು. “ಕೊಟ್ರ ಓದೂದು ಬಿಡತಾರ.”

ಕಾಕಾ ಕಂಡ ಪರದೇಶವೆಂದರೆ ಸೊಲ್ಲಾಪುರ. ಅಲ್ಲಿಂದ ಆಚೆಗಿನದೆಲ್ಲ ಟೀವಿಯಲ್ಲಿ, ಪುಸ್ತಕದಲ್ಲಿ, ಮತ್ತು ಅಪರೂಪಕ್ಕೆ ನಮ್ಮೂರಿಗೇ ನಡೆದು ಬಂದದ್ದು. ಜಮಖಾನ ನೇಯುವುದನ್ನು ನೋಡಲು ಆಗಾಗ ಹೊರಗಿನವರು ನಮ್ಮೂರಿಗೆ ಬರುತ್ತಾರಲ್ಲ, ಹಾಗೆ ಬಂದ ನಾರ್ವೆಯ ಹೆಣ್ಣುಮಗಳೊಬ್ಬಳು ಹಿಂದಿನ ಓಣಿಯ ಬೀಬಿಯ ಮಗ್ಗದ ಮುಂದೆ ಗೋಡೆಗೆ ಆನಿಕೊಂಡು, ಕಣ್ಣು ಮುಚ್ಚಿ, ಒಂದು ತಾಸು ತುಟಿ ಬಿಚ್ಚದೆ ಕೂತಿದ್ದಳಂತೆ. ಕಾಕಾ ಬಾಗಿಲಲ್ಲಿ ನಿಂತು ನೋಡಿ ಬಂದವರೇ ನಾರ್ವೆಯ ಶಾಂತಿಗೆ ಎಂಟು ಮಾರ್ಕು ಏರಿಸಿಬಿಟ್ಟರು. ಅದು ‘ಫೈನಲ್ 2’. ಮರುದಿನ ಬೀಬಿ ನಮ್ಮ ಅಂಗಡಿಗೆ ಝೆರಾಕ್ಸಿಗೆ ಬಂದಳು. “ಆಕಿಗೆ ಮುಂಜಾನೆ ಬಸ್ ಸ್ಟ್ಯಾಂಡಿನ್ಯಾಗ ಯಾರೋ ಮಿರ್ಚಿ ತಿನಿಸ್ಯಾರೋ ತಮ್ಮಾ. ಹೊಟ್ಟಿ ಹಿಡಕೊಂಡು ಕುಂತಿದ್ಲು, ಪಾಪ,” ಎಂದಳು. ನಾನು ಓಡಿಹೋಗಿ ಕಾಕಾಗೆ ಹೇಳಿದೆ. ಇಂಥ ಸುದ್ದಿ ಮುಟ್ಟಿಸುವುದರಲ್ಲಿ ನಾನು ತಡ ಮಾಡುವವನಲ್ಲ.

ಕಾಕಾ ಪೆನ್ನಿನ ಟೊಪ್ಪಿಗೆ ತೆಗೆದರು, ಹಾಕಿದರು. “ಹೊಟ್ಟಿ ಕೆಟ್ಟರೂ ಬಾಯಿ ಮಾಡಲಿಲ್ಲಲ್ಲ,” ಎಂದರು. “ಅದೂ ಶಾಂತೀನ.”

ಎಂಟು ಮಾರ್ಕು ಉಳಿದವು.

ನನ್ನ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ನನಗಿರುವುದು ಒಂದೇ ವಿದ್ಯೆ: ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ತಿರುಗಿ ತೆಗೆಯುತ್ತೇನೆ. ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್, ಮಠದ ಸ್ವಾಮಿಗಳು, ಬೆಳಿಗ್ಗೆ ಬುದ್ಧವಂದನೆ ಹೇಳುವ ಗೆಳೆಯ ಆನಂದನ ಅಪ್ಪ, ಬ್ಯಾಂಕಿನ ಲೈನಿನಲ್ಲಿ ಬೈಯುವ ಮುದುಕಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಇದ್ದಾರೆ. ನನ್ನದೇ ದನಿ ಮಾತ್ರ ಯಾವಾಗಲೂ ಮನೆಯಲ್ಲಿರುವುದಿಲ್ಲ. ಎಂಟನೆಯ ಇಯತ್ತೆಯಲ್ಲಿದ್ದಾಗ ಒಮ್ಮೆ ನೀರಿನ ಟಾಕಿಯ ಹಿಂದೆ ನಿಂತು, ಹೆಡ್ ಮಾಸ್ತರರ ದನಿಯಲ್ಲಿ, “ಏ, ಇವತ್ತು ಅರ್ಧಾ ದಿನ ಸೂಟಿ!” ಎಂದು ಕೂಗಿದ್ದೆ. ಅರ್ಧ ಶಾಲೆ ಪಾಟೀಚೀಲ ಹೊತ್ತು ಮನೆಗೆ ಹೋಯಿತು. ಇಬ್ಬರು ಮಾಸ್ತರರೂ ಹೋದರು. ಆ ಹೆಡ್ ಮಾಸ್ತರರು ಕಾಕಾನೇ. ಶಾಲೆಯಲ್ಲಿ ಛಡಿ ಏಟು ಬಿತ್ತು. ಸಂಜೆ ಮನೆಯಲ್ಲಿ ಪಕ್ಕಕ್ಕೆ ಕರೆದು, “ನನ್ನ ದನಿ ಖರೇನ ಹಂಗ ಅದನ?” ಎಂದು ಕೇಳಿದರು. ಆ ಪ್ರಶ್ನೆ ಛಡಿಗಿಂತ ಹೆಚ್ಚು ಚುರುಗುಟ್ಟಿತು.

ಈಗ ಕಾಕು. ಕಾಕಾನ ಹೆಂಡತಿ. ನಾನು ಅರ್ಧ ಬೆಳೆದದ್ದು ಅವಳ ಅಡುಗೆಮನೆಯಲ್ಲಿ. ಎಡಗಣ್ಣು ಸಣ್ಣಾಕಿದ್ದಾಗಲೇ ಹೋಗಿತ್ತು. ಇದ್ದ ಬಲಗಣ್ಣಿನಿಂದಲೇ ಅಕ್ಕಿಯ ಹರಳು, ನನ್ನ ಸುಳ್ಳು, ಎರಡನ್ನೂ ಆರಿಸಿ ತೆಗೆಯುತ್ತಿದ್ದಳು. ಹೋದ ವರ್ಷ ಆ ಕಣ್ಣಿಗೂ ಮೋತಿಬಿಂದು ಬಂದು ಪೊರೆ ಕಟ್ಟಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಎಂದು ಠರಾವಾಯಿತು. ಸಣ್ಣ ಆಪರೇಷನ್ನೇ. ಆದರೆ ಒಂದೇ ಕಣ್ಣಿದ್ದವರಿಗೆ ಯಾವ ಆಪರೇಷನ್ನೂ ಸಣ್ಣದಲ್ಲ ಎಂಬುದು ಅವಳು ಎರಡು ದಿನ ಮೊದಲೇ ಎಲ್ಲ ಡಬ್ಬಿಗಳ ಜಾಗವನ್ನು ಕೈಯಿಂದ ಮುಟ್ಟಿ ಮುಟ್ಟಿ ಬಾಯಿಪಾಠ ಮಾಡುತ್ತಿದ್ದಾಗ ನನಗೆ ಗೊತ್ತಾಯಿತು. ಇದು ಉಪ್ಪು, ಇದು ಸಾಸಿವಿ, ಇದು ಕೊಬ್ಬರಿ.

ಆಪರೇಷನ್ನಿನ ಹಿಂದಿನ ದಿನ ಅಂಗಡಿಗೆ ಬಂದು ಒಂದು ಸಣ್ಣ ಸ್ಟೀಲ್ ಡಬ್ಬಿ ನನ್ನ ಕೈಗಿಟ್ಟಳು. ಒಳಗೆ ಸಕ್ಕರೆ.

“ಯಮನೂರಿಗೆ ಹೋಗಿ ಓದಿಸಿಕೊಂಡು ಬಾ.”

ಸಕ್ಕರೆ ಓದಿಸುವುದೆಂದರೆ ನಮ್ಮ ಕಡೆ ಹೊಸದಾಗಿ ಹೇಳಬೇಕಾದ್ದೇನಲ್ಲ. ಯಮನೂರಿನ ದರ್ಗಾಕ್ಕೆ ಸಕ್ಕರೆ ಒಯ್ಯುವುದು, ಅಲ್ಲಿಯ ಅಜ್ಜ ಅದರ ಮೇಲೆ ಓದಿ ಊದುವುದು, ತಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುವುದು. ನಮ್ಮ ಮನೆಯ ಜಗಲಿಯ ಮೇಲಿನ ದೇವರು ಇದಕ್ಕೆ ಯಾವತ್ತೂ ತಕರಾರು ಮಾಡಿಲ್ಲ. ಸಣ್ಣವನಿದ್ದಾಗ ಕಾಕುವಿನ ಸೆರಗು ಹಿಡಿದು ಎಷ್ಟೋ ಸಲ ಹೋಗಿದ್ದೆ. ಅವಳು ಅಜ್ಜನ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದಳು. ಆ ಹೊತ್ತಿಗೆ ನಾನು ಅಜ್ಜನ ಕೆಮ್ಮು ಕಲಿಯುತ್ತಿದ್ದೆ.

ಬಸ್ಸಿಗೆ ಹೋದರೆ ಹೋಗಿ ಬರಲು ಎರಡು ತಾಸಿನ ಕೆಲಸ. ಆದರೆ ಅವತ್ತೇ ಸಂಜೆ ನಿವೃತ್ತ ನೌಕರರ ಸಂಘದಲ್ಲಿ ಕಾಕಾನ ಉಪನ್ಯಾಸ: ‘ರಾಷ್ಟ್ರಗಳ ಆಧ್ಯಾತ್ಮಿಕ ಸಂಪತ್ತು’. ನಲವತ್ತು ಪ್ರತಿ ಬೇಕು. ಮುಂಜಾನೆಯಿಂದ ಮೂರು ಸಲ ಮಾರ್ಕು ಬದಲಿಸಿದ್ದರು. ಗ್ರೀಸ್ ಇಳಿಯಿತು, ಶ್ರೀಲಂಕಾ ಏರಿತು, ಇಥಿಯೋಪಿಯಾ ಹೊಸದಾಗಿ ಶಾಲೆಗೆ ಸೇರಿತು. ಪ್ರಿಂಟರಿನಲ್ಲಿ ನೇಪಾಳ ಸಿಕ್ಕಿಬಿದ್ದು ಹರಿಯಿತು. ನಾನು ನೇಪಾಳವನ್ನು ಚಿಮಟಿಗೆಯಿಂದ ಎಳೆಯುತ್ತ ಗಡಿಯಾರ ನೋಡಿದೆ. ನಾಲ್ಕೂವರೆ. ಯಮನೂರಿನ ಬಸ್ಸು ಎದುರಿಗೇ ಹೊಗೆ ಬಿಟ್ಟು ಹೋಯಿತು.

ಜಗತ್ತಿನ ಅಧ್ಯಾತ್ಮವನ್ನೆಲ್ಲ ಅಳೆದು ಮುಗಿಸುವ ಗಡಿಬಿಡಿಯಲ್ಲಿ ಎರಡು ತಾಸು ಉಳಿಯಲಿಲ್ಲ. ಹಾಗಾಗಿ ನಾನು ಮಾಡಿದ್ದಿಷ್ಟು. ಲ್ಯಾಮಿನೇಷನ್ ಮಷೀನಿನ ಹಿಂದೆ ಕೂತು, ಡಬ್ಬಿಯ ಮುಚ್ಚಳ ತೆಗೆದು, ಯಮನೂರಿನ ಅಜ್ಜನ ದನಿ ತೆಗೆದೆ. ಮಾತು ಒಂದೂ ಗೊತ್ತಿರಲಿಲ್ಲ. ರಾಗವಿತ್ತು, ಏರಿಳಿತವಿತ್ತು, ನಡುವೆ ಬರುವ ಆ ಕೆಮ್ಮಿತ್ತು. ಕೊನೆಗೆ ಉಫ್ ಎಂದು ಊದಿದೆ. ಸಕ್ಕರೆ ನನ್ನ ಅಂಗಿಯ ಮೇಲೆ ಹಾರಿತು. ಮುಚ್ಚಳ ಹಾಕಿ ಸಂಜೆ ಕಾಕುವಿಗೆ ಕೊಟ್ಟೆ.

ಕಾಕು ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. ಕಣ್ಣು ಮಂಜಾಗಿತ್ತಲ್ಲ, ನಾನು ಧೈರ್ಯವಾಗಿಯೇ ನಿಂತಿದ್ದೆ. “ಹೋಗಿ ಬಂದ್ಯಾ?” ಎಂದಳು. “ಹೂಂ,” ಎಂದೆ. ಒಂದು ಚಿಟಿಕೆ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಕಾಕಾನ ಉಪನ್ಯಾಸವೂ ಚಂದ ಆಯಿತು. ಭಾರತದ ತೊಂಬತ್ತೇಳಕ್ಕೆ ಚಪ್ಪಾಳೆ ಬಿತ್ತು.

ಆಪರೇಷನ್ನೂ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಡಾಕ್ಟರು ಬೆರಳು ತೋರಿಸಿ ಎಷ್ಟು ಎಂದು ಕೇಳಿದರು. ಕಾಕು ಆ ಕಡೆ ಮುಖ ಮಾಡಿ, “ಯಾರೋ ನಿಂತಾರ,” ಎಂದಳು. ಒಳಗೆ ಬಾವು ಇದೆ, ಕೆಲವರಿಗೆ ಹೀಗಾಗುತ್ತದೆ, ಹನಿ ಹಾಕುತ್ತಿರಿ, ಕಾದು ನೋಡೋಣ ಎಂದರು ಡಾಕ್ಟರು. ಮನೆಗೆ ಕರೆದುಕೊಂಡು ಬಂದೆವು. ಒಂದು ದಿನ, ಎರಡು ದಿನ, ಐದು ದಿನ. ಕಾಕು ಉಪ್ಪಿನ ಡಬ್ಬಿಗೆ ಕೈ ಹಾಕುವಾಗ ಮೊದಲು ಗೋಡೆ ಮುಟ್ಟುತ್ತಿದ್ದಳು.

ನನಗೆ ಇಂಥದರಲ್ಲೆಲ್ಲ ನಂಬಿಕೆ ಇಲ್ಲವೆಂದು ಆನಂದನ ಮುಂದೆ ಎಷ್ಟೋ ಸಲ ಭಾಷಣ ಮಾಡಿದ್ದೇನೆ, ಒಮ್ಮೆ ಅವನಪ್ಪನ ದನಿಯಲ್ಲೇ. ಆದರೆ ಲ್ಯಾಮಿನೇಷನ್ ಮಷೀನು ಬಿಸಿಯಾಗಿ ವಾಸನೆ ಬಂದಾಗಲೆಲ್ಲ ಆ ಡಬ್ಬಿ ನೆನಪಾಗಿ ಸ್ವಿಚ್ ಆರಿಸಿಬಿಡುತ್ತಿದ್ದೆ. ನಂಬದವನಿಗೆ ಹೆದರಿಕೆ ಯಾಕೆ ಎಂದು ನನ್ನನ್ನೇ ಕೇಳಿಕೊಂಡೆ. ಆರನೆಯ ದಿನ ಮಧ್ಯಾಹ್ನ ಅಂಗಡಿಯ ಶಟರ್ ಎಳೆದು, ಅದೇ ಡಬ್ಬಿಗೆ ಹೊಸ ಸಕ್ಕರೆ ತುಂಬಿಕೊಂಡು ಯಮನೂರಿನ ಬಸ್ಸು ಹತ್ತಿದೆ.

ಅಜ್ಜ ಅದೇ ಜಾಗದಲ್ಲಿ, ಮುಂದೆ ಲೋಬಾನದ ಹೊಗೆ, ಬಾಜು ನವಿಲುಗರಿಯ ಕಟ್ಟು ಇಟ್ಟುಕೊಂಡು ಕೂತಿದ್ದ. ಅವನ ಮುಂದೆ ಮೂರು ಜನ. ಒಬ್ಬಾಕೆಯ ಹಣೆಯಲ್ಲಿ ರೂಪಾಯಿಯಷ್ಟು ಕುಂಕುಮ, ಒಬ್ಬಾಕೆ ಬುರ್ಖಾದಲ್ಲಿ, ಇನ್ನೊಬ್ಬ ಹೊಲದಿಂದ ನೆಟ್ಟಗೆ ಬಂದಿದ್ದ. ಕಾಕಾ ಇದ್ದಿದ್ದರೆ ಯಾರನ್ನು ಯಾವ ಕಾಲಮ್ಮಿಗೆ ಹಾಕುತ್ತಿದ್ದರೋ. ನನ್ನ ಪಾಳಿ ಬಂತು.

“ಅಜ್ಜಾರ, ಒಂದು ತಪ್ಪಾಗೇದ.”

“ತಪ್ಪು ಮಾಡಲಾರದವ್ರು ಇಲ್ಲಿ ಬರೂದs ಕಡಿಮಿ. ಹೇಳು.”

“ಮೊನ್ನೆ ನಮ್ಮ ಕಾಕು ಕೊಟ್ಟ ಸಕ್ಕರೀನ ನಾನs ಓದಿಬಿಟ್ಟೆ. ಅಂಗಡ್ಯಾಗ ಕೂತು. ನಿಮ್ಮ ದನೀಲೆ.”

“ನನ್ನ ದನೀಲೆ?”

“ಹೌದ್ರಿ.”

ಅಜ್ಜ ನವಿಲುಗರಿಯ ಕಟ್ಟನ್ನು ಕೈಗೆತ್ತಿಕೊಂಡ. ಬೀಳುತ್ತದೆ ಎಂದು ತಲೆ ತಗ್ಗಿಸಿದೆ.

“ಮಾಡಿ ತೋರ್ಸು.”

ಮಾಡದೆ ವಿಧಿಯಿರಲಿಲ್ಲ. ನನ್ನ ಜೀವನದಲ್ಲೇ ಅಷ್ಟು ಸಣ್ಣ ದನಿಯಲ್ಲಿ ಮಿಮಿಕ್ರಿ ಮಾಡಿದ್ದಿಲ್ಲ. ರಾಗ ತೆಗೆದೆ, ಇಳಿಸಿದೆ, ಕೆಮ್ಮಿದೆ. ಹೊಲದಿಂದ ಬಂದವನು ಬಾಯಿಗೆ ಟವೆಲ್ ಒತ್ತಿಕೊಂಡ. ಅಜ್ಜ ಕಣ್ಣು ಮುಚ್ಚಿ ಪೂರ್ತಿ ಕೇಳಿದ.

“ಕೆಮ್ಮು ಬರೋಬ್ಬರಿ ಐತಿ,” ಎಂದ. “ಆದ್ರ ನಾ ಇಷ್ಟು ಅವಸರ ಮಾಡೂದಿಲ್ಲೋ ತಮ್ಮಾ. ನೀ ಬಸ್ ಹಿಡಿಯೂರಂಗ ಓದಾಕತ್ತಿ. ತಾ ಇಲ್ಲಿ ಸಕ್ಕರಿ. ಯಾರ ಹೆಸರ್ಲೆ ಓದ್ಲಿ?”

“ನಮ್ಮ ಕಾಕುಂದು.”

“ಕಾಕು ನಿನಗ. ಮ್ಯಾಲಿನವಗಲ್ಲ. ಹೆಸರು ಹೇಳು.”

“ಸುಮಿತ್ರಾ.”

“ತವರಮನಿ ಹೆಸರೋ, ಲಗ್ನಾದ ಮ್ಯಾಲ ಇಟ್ಟಿದ್ದೋ? ಹೆಣ್ಣಮಕ್ಕಳದು ಹಡದಾಕಿ ಇಟ್ಟ ಹೆಸರ್ಲೆ ಓದತೀನಿ ನಾನು.”

ನಮ್ಮ ಮನೆಗಳಲ್ಲಿ ಮದುವೆಯ ದಿನ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಯುತ್ತಾರೆ. ಹಳೆಯ ಹೆಸರು ಅವತ್ತಿಗೆ ಮುಗಿಯಿತು. ಆಧಾರ್ ಕಾರ್ಡಿನಲ್ಲಿ, ಗ್ಯಾಸಿನ ಪುಸ್ತಕದಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ ಕಾಕು ಸುಮಿತ್ರಾ. ಆ ಅರ್ಜಿಗಳನ್ನೆಲ್ಲ ತುಂಬಿದವನು ನಾನೇ. ಅದಕ್ಕೂ ಮುಂಚೆ ಅವಳು ಯಾರಾಗಿದ್ದಳು? ನಾರ್ವೆಯ ರಾಜಧಾನಿ ಕೇಳಿದ್ದರೆ ಹೇಳುತ್ತಿದ್ದೆ. ಇಥಿಯೋಪಿಯಾದ್ದೂ ಗೊತ್ತಿತ್ತು.

ಕಾಕಾಗೆ ಫೋನು ಹಚ್ಚಿದೆ. ಅಜ್ಜನಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಹಾಕಬಾರದಿತ್ತು.

“ಕಾಕಾ, ಕಾಕುವಿನ ತವರಮನಿ ಹೆಸರು ಏನ್ರಿ?”

ಆ ಕಡೆ ಪೆನ್ನಿನ ಟೊಪ್ಪಿಗೆ ತೆಗೆದು ಹಾಕಿದ ಸಪ್ಪಳ ಕೇಳಿಸಿತು.

“ಇತ್ತೋ ಏನೋ ಒಂದು,” ಎಂದರು ಕಾಕಾ. “ತಡಿ. ನದೀ ಹೆಸರು. ಗೋದಾವರಿ... ಅಲ್ಲ. ಕೃಷ್ಣಾ? ಕೃಷ್ಣಾ ಅವರಕ್ಕ. ನರ್ಮದಾ ಇದ್ದೀತೇನು... ಕಾವೇರಿ ಅಂತೂ ಅಲ್ಲ, ಅದು ತೆಂಕಣದ್ದು.”

ಭೂಗೋಳದ ಮಾಸ್ತರು ನಕಾಶೆಯ ತುಂಬ ತಿರುಗುತ್ತ ಒಂದೊಂದೇ ನದಿ ದಾಟುತ್ತಿದ್ದರು. ಯಮನೂರಿನ ಅಜ್ಜ ಗದ್ದಕ್ಕೆ ಕೈ ಕೊಟ್ಟು ಕೇಳುತ್ತಿದ್ದ. ತಾಪಿಯವರೆಗೆ ಬಂದಾಗ ಹಿಂದಿನಿಂದ, ಅಡುಗೆಮನೆಯ ಕಡೆಯಿಂದ, ಕಾಕುವಿನ ದನಿ ಬಂತು.

“ಮಲಪ್ರಭಾ.”

ನಮ್ಮ ನಲ್ಲಿಯಲ್ಲಿ ಬರುವ ನೀರೇ ಆ ಹೊಳೆಯದು.

“ಮಲಪ್ರಭಾ ಅಂತ ಹೇಳ್ರಿ ಅವಗ,” ಎಂದಳು ಕಾಕು. “ಮತ್ತ ಈಗ ಯಮನೂರಾಗ ಇದ್ದಾನೇನು ಕೇಳ್ರಿ.”

ಅಜ್ಜ ಓದಿದ. ಅವಸರ ಮಾಡಲಿಲ್ಲ. ನಡುವೆ ಒಂದು ಕಡೆ ‘ಮಲಪ್ರಭಾ’ ಎಂದು ಕೇಳಿಸಿತು. ಅಷ್ಟು ವರ್ಷ ಕಾಕು ಬಾಗಿ ಹೇಳುತ್ತಿದ್ದದ್ದು ಅದನ್ನೇ ಎಂದು ಆಗ ಹೊಳೆಯಿತು. ಊದಿ, ಡಬ್ಬಿ ಮುಚ್ಚಿ, ನವಿಲುಗರಿಯಿಂದ ನನ್ನ ತಲೆಗೊಂದು ಬಡಿದ. ಆಶೀರ್ವಾದವೋ ಛಡಿ ಏಟೋ ನಾನು ಕೇಳಲಿಲ್ಲ.

ಮನೆಗೆ ಬಂದೆ. ಕಾಕು ಕಟ್ಟೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಡಬ್ಬಿ ಕೈಗಿಟ್ಟೆ.

“ಅಂಗಡ್ಯಾಗ ಕೂತು ನಾನs ಓದಿದ್ದೆ ಕಾಕು, ಮೊದಲನೇ ಸಲ ಹೋಗಿರಲಿಲ್ಲ.”

“ಗೊತ್ತದ.”

“ಹೆಂಗ?”

“ಹೆಸರು ಕೇಳಲಾರದ ಹೋದಿ, ಹಂಗs ಬಂದಿ. ಹೋಗಿದ್ರ ಅಜ್ಜ ಕೇಳತಿದ್ದ, ನೀ ಫೋನ್ ಮಾಡತಿದ್ದಿ.”

“ಮತ್ತ ಯಾಕ ತಿಂದಿ?”

“ಮತ್ತೇನು ಮಾಡ್ಲಿ, ಚಹಾಕ್ಕ ಹಾಕ್ಲ್ಯಾ?” ಎಂದಳು. ಡಬ್ಬಿಯ ಮುಚ್ಚಳ ತೆಗೆಯುತ್ತ ಕೇಳಿದಳು: “ಅಂಗಡ್ಯಾಗ ಓದೂಮುಂದ ನನ್ನ ನೆನಸಿದ್ದಿಲ್ಲೋ?”

ಇಂಥ ಹೊತ್ತಿಗೆ ಹೇಳಲು ಒಳ್ಳೆಯ ಸುಳ್ಳುಗಳು ನನ್ನಲ್ಲಿ ಬೇಕಾದಷ್ಟು ಇದ್ದವು, ಬೇಕಾದ ದನಿಯಲ್ಲಿ.

“ಇಲ್ಲ ಕಾಕು. ಪ್ರಿಂಟರಿನ್ಯಾಗ ನೇಪಾಳ ಸಿಕ್ಕೊಂಡಿತ್ತು.”

ಕಾಕು ನಕ್ಕಳು. ನಗುವಾಗ ಕನ್ನಡಕ ಜಾರಿತು. ಕಣ್ಣು ಕೆಂಪಾಗಿತ್ತು, ನನ್ನ ಕಡೆ ಇತ್ತು, ನನ್ನ ಮೇಲೆ ಇರಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಒಂದು ಚಿಟಿಕೆ ನನ್ನ ಬಾಯಿ ಎಲ್ಲಿದೆಯೆಂದು ತಡವರಿಸಿ ಹುಡುಕಿ ಹಾಕಿದಳು.

ಮುಂದಿನ ವಾರ ಬಾವು ಇಳಿಯಿತು. ಡಾಕ್ಟರು ಹನಿ ಕೆಲಸ ಮಾಡಿತು ಎಂದರು. ಹನಿಯನ್ನು ದಿನಕ್ಕೆ ನಾಲ್ಕು ಸಲ ತಪ್ಪದೆ ಹಾಕಿದವನು ನಾನು. ಸಕ್ಕರೆಯನ್ನು ಕಾಕು ದಿನಕ್ಕೊಂದು ಚಿಟಿಕೆ ತಿಂದಳು. ಯಾವುದಕ್ಕೆ ಎಷ್ಟು ಎಂದು ಮಾರ್ಕು ಹಂಚಲು ನಾನು ಹೋಗಲಿಲ್ಲ. ಒಂದು ಮುಂಜಾನೆ ಅವಳು ನನ್ನನ್ನು ಬೆಳಕಿಗೆ ನಿಲ್ಲಿಸಿ, “ನಿನ್ನ ಮೀಸಿ ಇಷ್ಟs ಏನೋ? ನಾ ಕಣ್ಣು ಮಂಜಾಗಿ ಕಾಣಲಿಕ್ಕತ್ತಿಲ್ಲ ಅಂತ ತಿಳಕೊಂಡಿದ್ದೆ,” ಎಂದಳು. ಅವತ್ತು ನನಗೆ ಕಣ್ಣು ಪೂರಾ ಬಂದಿದೆಯೆಂದು ಖಾತ್ರಿಯಾಯಿತು.

ಇನ್ನು ಆ ಒಂದು ಮಾರ್ಕು.

ಕಾಕಾ ಫೋನಿನ ಆ ಮಧ್ಯಾಹ್ನದ ಮಾತು ತಾವಾಗಿ ಎತ್ತಲಿಲ್ಲ. ಕೆಲವು ದಿನ ಕೆಂಪು ಪೆನ್ನನ್ನೂ ಎತ್ತಲಿಲ್ಲ. ಒಂದು ಭಾನುವಾರ ನಾನು ಲ್ಯಾಪ್‌ಟಾಪ್ ಹಿಡಿದು ಮನೆಗೆ ಹೋಗಿದ್ದೆ. ಸಂಘದವರು ಪಟ್ಟಿಯ ಇನ್ನೂ ಇಪ್ಪತ್ತು ಪ್ರತಿ ಕೇಳಿದ್ದರು, ತಿದ್ದುವುದಿದ್ದರೆ ಈಗಲೇ ತಿದ್ದಬೇಕಿತ್ತು. ಕಾಕಾ ಜಮಖಾನದ ಮೇಲೆ ಗೋಡೆಗೆ ಆನಿಕೊಂಡು ಕೂತಿದ್ದರು. ಕಾಕು ಒಳಗೆ ಏನೋ ಕುಟ್ಟುತ್ತಿದ್ದಳು. ಕಾಕಾ ಎರಡು ಸಲ ಗಂಟಲು ಸರಿ ಮಾಡಿಕೊಂಡರು. ಅವರು ಯಾವಾಗಲೂ ಅವಳನ್ನು ‘ಏ’ ಎಂದೋ ‘ಕೇಳತದೇನ’ ಎಂದೋ ಕರೆಯುವುದು. ಅವತ್ತು ಶಾಲೆಯಲ್ಲಿ ಹಾಜರಿ ಕೂಗುವ ದನಿಯಲ್ಲಿ, ಆದರೆ ಅದರ ಅರ್ಧ ಎತ್ತರದಲ್ಲಿ, ಒಳಗಿನ ಕಡೆ ಮುಖ ಮಾಡಿ ಕರೆದರು.

“ಮಲಪ್ರಭಾ.”

ಕುಟ್ಟುವ ಸಪ್ಪಳ ನಿಂತಿತು. ನಾನು ಕೀಬೋರ್ಡಿನ ಮೇಲೆ ಇಟ್ಟ ಬೆರಳು ತೆಗೆಯಲಿಲ್ಲ.

“ಆಕಿ ತವರಿಗೆ ಹೋಗ್ಯಾಳ್ರಿ,” ಎಂದು ಒಳಗಿನಿಂದ ಬಂತು. “ಹೋಗಿ ಭಾಳ ವರ್ಷಾತು. ಚಹಾ ಬೇಕಾಗಿದ್ರ ನನ್ನ ಕರೀರಿ.”

ಕುಟ್ಟುವುದು ಮತ್ತೆ ಸುರುವಾಯಿತು.

ಕಾಕಾ ಪಟ್ಟಿಯನ್ನು ಕೈಗೆತ್ತಿಕೊಂಡರು. ಮೇಲಿನಿಂದ ಕೆಳಗೆ ಒಂದು ಸಲ ನೋಡಿದರು. “ಭಾರತದ್ದು ಒಂದು ಕಡಿಮಿ ಮಾಡು,” ಎಂದರು.

ಮಾಡಿದೆ. “ಷರಾದಾಗ ಏನಂತ ಬರೀಲ್ರಿ?”

“ಖಾಲಿ ಬಿಡು.”